ಬಾಯಿ ಮೇಲೆ ಮಾಡಿಟ್ಟ ತೋಟೆಗಳು

ಅಂಕಲ್ ಅವರ ಬಲಗೈಯ ಹೆಬ್ಬೆರಳಿಗೆ ಸದಾ ಹಿತ್ತಾಳೆಯ ವಾಸನೆ. ಭಾನುವಾರ ಚರ್ಚಿನ ಪೂಜೆಗೆ ಹೊರಡುವ ಮುನ್ನ ನಿಂಬೆ ಹೋಳಿನಿಂದ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಹಸಿರುಗಪ್ಪು ಹೋಗುತ್ತಿರಲಿಲ್ಲ. ಮಂಗಳೂರಿನವರು, ಸಿಡ್ನಿಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. 2005ರ ಸುಮಾರಿಗೆ ವೆಸ್ಟ್‌ಮೀಡ್‌ನಲ್ಲಿ ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮೈಸೂರಿನಿಂದ ಬಂದು ಪಿಆರ್‌ಗಾಗಿ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗಾಗಿ, ಕಾಯುತ್ತಿದ್ದ ನರ್ಸ್ ನಾನು.

ಅವರಿಗಿದ್ದದ್ದು ಒಂದೇ ಹುಚ್ಚು, ರೈಫಲ್ ಕ್ಲಬ್ಬಿನಲ್ಲಿ ಗುರಿ ಹೊಡೆಯುವುದು. ಅಂಗಡಿಯ ತೋಟೆ, ಅಂದರೆ ಕಾರ್ಟ್ರಿಜ್, ಅವರಿಗೆ ಒಗ್ಗದು. ಹೊಡೆದು ಖಾಲಿಯಾದ ಹಿತ್ತಾಳೆ ತೋಟೆಗಳನ್ನು ಆರಿಸಿ ತಂದು ಗ್ಯಾರೇಜಿನಲ್ಲಿ ಮತ್ತೆ ತುಂಬುತ್ತಿದ್ದರು. ಮೊದಲು ಅವುಗಳಿಗೆ ಹುಣಸೆಹಣ್ಣಿನ ನೀರಿನಲ್ಲಿ ಸ್ನಾನ.

“ಹುಳಿ ಎಲ್ಲ ಇವರ ತೋಟೆಗೇ ಆಯ್ತು. ಮೀನಿಗೆ ನಾನು ಎಂತ ಹಾಕುವುದು?” ಎಂದು ಆಂಟಿ ರೇಗುತ್ತಿದ್ದರು.

ಆಮೇಲೆ ಪ್ರೆಸ್ಸಿನಲ್ಲಿ ಒತ್ತಿ ಆಕಾರ ಸರಿಮಾಡಿ, ಉದ್ದ ಅಳೆದು, ಹೊಡೆತಕ್ಕೆ ಹಿಗ್ಗಿ ಉದ್ದವಾದ ಬಾಯಿಯನ್ನು ಕತ್ತರಿಸಬೇಕು. ಕೊನೆಗೆ ಮದ್ದಿನ ಪುಡಿ ತೂಗಿ ಹಾಕಿ ಗುಂಡು ಕೂರಿಸುವಾಗ ಗ್ಯಾರೇಜಿನಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅರ್ಧ ಒತ್ತಿ, ತೋಟೆಯನ್ನು ಅರ್ಧ ಸುತ್ತು ತಿರುಗಿಸಿ, ಉಳಿದರ್ಧ ಒತ್ತುತ್ತಿದ್ದರು. “ನೆಟ್ಟಗೆ ಕೂತರೆ ನೆಟ್ಟಗೆ ಹೋಗ್ತದೆ” ಎನ್ನುತ್ತಿದ್ದರು.

ವರ್ನಿಯರ್ ಎಂಬ ಅಳತೆಯ ಉಪಕರಣ ಹಿಡಿದು ಉದ್ದ ನೋಡುವ ಕೆಲಸವನ್ನು ನನಗೆ ವಹಿಸಿದ್ದರು. “ವರ್ನಿಯರಿನ ಸಣ್ಣ ಗೆರೆ ಈಗ ಕಾಣುವುದಿಲ್ಲ ಮಾರಾಯ್ತಿ, ಸ್ವಲ್ಪ ನಿನ್ನ ಕಣ್ಣು ಕೊಡು. ತೋಟೆ ಉದ್ದ ಇದ್ದರೆ ಅದರ ಬಾಯಿ ಗುಂಡನ್ನು ಬಿಗಿಯಾಗಿ ಹಿಡಿದು ಬಿಡುವುದಿಲ್ಲ, ಬೆಂಕಿ ಹಿಂದೆ ಮುಖಕ್ಕೇ ಬರ್ತದೆ.” ಮರದ ಹಲಗೆಯ ಕುಳಿಗಳಲ್ಲಿ ತೋಟೆಗಳನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿರುತ್ತಿದ್ದರು. ಒಂದೊಂದನ್ನೂ ಅಳೆದು, ಉದ್ದವಾದದ್ದನ್ನು ಕತ್ತರಿಸಲು ಕೊಟ್ಟು, ಸರಿಯಿದ್ದದ್ದನ್ನು ಬಾಯಿ ಮೇಲೆ ಮಾಡಿ ಇಡಬೇಕು. ಬಾಯಿ ಮೇಲಿದ್ದರೆ ಅದು ಸರಿ ಇದೆ ಎಂದೇ ಅರ್ಥ. ಮತ್ತೆ ಅದನ್ನು ಯಾರೂ ನೋಡುವುದಿಲ್ಲ.

ಒಂದು ಶನಿವಾರ ಐವತ್ತರಲ್ಲಿ ಮೂವತ್ತೆಂಟನ್ನು ಅಳೆದಿದ್ದೆ. ಆಗ ವೀಸಾ ಏಜೆಂಟನ ಫೋನ್ ಬಂತು. ಪಿಆರ್ ಆಗಿತ್ತು. ಊರಿಗೆ ಹೇಳಬೇಕು, ಗೆಳತಿಯರಿಗೆ ಹೇಳಬೇಕು, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಳಿದ ಹನ್ನೆರಡನ್ನು ಅಳೆಯದೆ ಸರಸರನೆ ಬಾಯಿ ಮೇಲೆ ಮಾಡಿಟ್ಟೆ. ವಾರ್ಡಿನಲ್ಲಿ ಎರಡೆರಡು ಸಲ ನೋಡದೆ ಒಂದು ಮಾತ್ರೆಯನ್ನೂ ಕೊಡದವಳು ನಾನು.

“ಎಲ್ಲ ನೋಡಿದ್ಯಾ?” ಎಂದರು ಅಂಕಲ್.

“ಎಲ್ಲಾ ನೋಡಿದೀನಿ ಅಂಕಲ್.”

ಮರುವಾರ ಅವರು ಕ್ಲಬ್ಬಿನಿಂದ ಕೆನ್ನೆಗೆ ಪಟ್ಟಿ ಕಟ್ಟಿಕೊಂಡು ಬಂದರು. ಬೆಂಕಿ ಹಿಂದೆ ಬಂದಿತ್ತು. ಕನ್ನಡಕ ಇದ್ದುದರಿಂದ ಕಣ್ಣು ಉಳಿದಿತ್ತು. ದಿನವೂ ಡ್ರೆಸ್ಸಿಂಗ್ ಮಾಡಿದವಳು ನಾನೇ.

“ತಪ್ಪು ನಂದೇ. ಪುಡಿ ತೂಗುವಾಗ ಹೆಚ್ಚು ಹಾಕಿದ್ದೇನೆ, ನನ್ನ ಕಣ್ಣಿಗೆ ಕಾಣ್ಲಿಲ್ಲ” ಎಂದರು. “ತೋಟೆ ನೀನು ನೋಡಿದ್ದಲ್ವಾ, ಅದರಲ್ಲಿ ತಪ್ಪು ಹೇಗೆ ಬರ್ತದೆ?”

ನಾನು ಹತ್ತಿ ಅದ್ದಿ ಗಾಯ ಒರೆಸಿದೆ, ಆ ಹನ್ನೆರಡರ ಮಾತೆತ್ತಲಿಲ್ಲ. ಅವರ ಕಣ್ಣಲ್ಲಿ ಸಣ್ಣವಳಾಗುವುದು ನನಗೆ ಬೇಕಿರಲಿಲ್ಲ, ಅಷ್ಟೆ. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಗಾಯ ಮಾಗುವ ಮುಂಚೆಯೇ ಅವರು ರೈಫಲನ್ನು ಮಾರಾಟಗಾರನಿಗೆ ಒಪ್ಪಿಸಿ ಲೈಸೆನ್ಸ್ ಬಿಟ್ಟುಕೊಟ್ಟರು. ಕೆಲವು ತಿಂಗಳಲ್ಲಿ ಕಾರು ಓಡಿಸುವುದನ್ನೂ ನಿಲ್ಲಿಸಿದರು. ಮನೆ ಮಾರಿ ಇಬ್ಬರೂ ಮೆಲ್ಬರ್ನಿನ ಮಗಳ ಬಳಿಗೆ ಹೋದರು.

ನಿಜ ಹೇಳಿಯೇ ಬಿಡುತ್ತೇನೆಂದು ಒಮ್ಮೆ ಅಲ್ಲಿಗೆ ಹೋದೆ. ನನ್ನನ್ನು ಬೀಳ್ಕೊಡಲು ಅಂಕಲ್ ಟ್ರಾಮ್ ಸ್ಟಾಪಿನವರೆಗೂ ಬಂದರು, ಆಂಟಿಯ ತೋಳು ಹಿಡಿದುಕೊಂಡೇ. “ಕಣ್ಣಿಗೆ ಎಂತ ಆಗ್ಲಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಇವರು ನಂಬಬೇಕಲ್ಲ!” ಎಂದರು ಆಂಟಿ. ಅಂಕಲ್ ನಕ್ಕರು. ಟ್ರಾಮ್ ಬಂತು, ನಾನು ಹತ್ತಿದೆ.

2009ರಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಆಂಟಿ ಕರವಸ್ತ್ರದಲ್ಲಿ ಸುತ್ತಿದ ವರ್ನಿಯರನ್ನು ನನ್ನ ಮುಂದೆ ಹಿಡಿದರು.

“ನಿಂಗೇ ಕೊಡ್ಬೇಕು ಅಂತ ಹೇಳಿ ಹೋಗಿದ್ದಾರೆ. ಆ ಹುಡುಗಿ ನೋಡಿದೆ ಅಂದರೆ ನೋಡಿದ ಹಾಗೇ ಅಂತಿದ್ರು. ಅಲ್ವಾ?”

“ಹೌದು ಆಂಟಿ” ಎಂದು ಎರಡೂ ಕೈ ಚಾಚಿ ತೆಗೆದುಕೊಂಡೆ.