ಮೇಷ್ಟ್ರ ಸಾಲುಗಳನ್ನು ಬೇರೆ ಮಾಡಿದ್ದು

ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಕೂತು ಹದಿನಾರು ವರ್ಷದಿಂದ ಅದರ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಪುಟ್ಟಕ್ಕ ಹೆಸರಿಗಷ್ಟೇ ಪುಟ್ಟಕ್ಕ, ಆಳು ಬಾಗಿಲೆತ್ತರ. ಸೈಟ್ ಕಟ್ಟಿದವರು ಅವಳೂ ಸೇರಿ ಇಬ್ಬರು. ಪುಟದಲ್ಲಿ ಕಾಣುವ ಮಾತೆಲ್ಲ ನಿವೃತ್ತ ಮೇಷ್ಟ್ರೊಬ್ಬರದು. ಅರವತ್ತು ದಾಟಿದ ಮೇಲೆ ಹಟ ಹಿಡಿದು ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಕಲಿತು, ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ತರುತ್ತಿದ್ದರು. ಪುಟ್ಟಕ್ಕ ಅದನ್ನು ತುಂಡು ತುಂಡು ಮಾಡಿ, ತುಂಡುಗಳನ್ನು ಬೆಸೆಯಲು ನಡುನಡುವೆ ಕೂಡಿಸುವ ಗುರುತು ಹಾಕಿ, ತನ್ನ ಜಾವಾಸ್ಕ್ರಿಪ್ಟ್ ಕೋಡಿನೊಳಗೆ ಪೋಣಿಸುತ್ತಿದ್ದಳು.

“ನನ್ನ ವಾಕ್ಯಾನ ಹೀಗೆ ಕೊಚ್ಚಬೇಡ ಕಣಮ್ಮ. ಪುಸ್ತಕದ ಹೆಸರು ಬರೋ ಕಡೆ ಜಾಗ ಬಿಟ್ಟಿರ್ತೀನಿ, ನೀನು ತುಂಬ್ಕೋ,” ಎನ್ನುತ್ತಿದ್ದರು ಮೇಷ್ಟ್ರು.

“ಅದೆಲ್ಲ ಆಗಲ್ಲ ಸಾರ್,” ಎಂದು ಅವಳು ಕಡ್ಡಿ ಮುರಿದಂತೆ ಹೇಳುತ್ತಿದ್ದಳು. ಆಗ ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಆದರೂ ಎಂಥ ಮಧ್ಯಾಹ್ನಗಳು ಅವು. ಒಂದೇ ಮೇಜು, ಎರಡು ಲೋಟ ಚಹಾ, ಸಂಜೆಯವರೆಗೆ ಜಗಳ.

ಮೇಷ್ಟ್ರು ತೀರಿಹೋಗಿ ಆರು ವರ್ಷವಾಗಿತ್ತು. ಪುಟ್ಟಕ್ಕ ರಜೆಯಲ್ಲಿದ್ದಾಗ ಕೌಂಟರಿನಾಕೆ ಬಾಗಿಲು ಮುಚ್ಚುವ ಸಮಯ ತಿದ್ದಲು ಕೋಡಿಗೆ ಕೈಹಾಕಿದಳು. ಪಕ್ಕದಲ್ಲಿದ್ದ ಕೂಡಿಸುವ ಗುರುತನ್ನು, ಯಾರೋ ಕೈತಪ್ಪಿ ಒತ್ತಿದ್ದಿರಬೇಕೆಂದು, ಅಳಿಸಿಯೂಬಿಟ್ಟಳು. ಅಷ್ಟಕ್ಕೇ ಕೋಡು ಕೆಟ್ಟು, ಸೈಟ್ ಎರಡು ದಿನ ಬೋಳು ಬೋಳಾಗಿ ಕೂತಿತು.

“ನೀವೊಬ್ರೇ ಮುಟ್ಟಬಹುದಾದ ಸೈಟ್ ನಮಗ್ಯಾಕಮ್ಮ? ಎಲ್ಲ ಕಿತ್ತಾಕಿ ಹೊಸದು ಮಾಡಿಸೋಣ,” ಎಂದರು ಹೊಸ ಮುಖ್ಯಸ್ಥರು.

ಎಲ್ಲ ಎಂದರೆ ಮೇಷ್ಟ್ರ ಮಾತೂ ಹೋದಂತೆಯೇ. “ಒಂದು ವಾರ ಕೊಡಿ ಸಾರ್. ಯಾರು ಬೇಕಾದ್ರೂ ತಿದ್ದೋ ಹಾಗೆ ಮಾಡ್ತೀನಿ,” ಎಂದಳು ಪುಟ್ಟಕ್ಕ.

ಮಾತನ್ನೆಲ್ಲ ಟೆಂಪ್ಲೇಟ್ ಎಂಬ ಬೇರೆ ಕಡತಕ್ಕೆ ತೆಗೆದಳು. ಕೋಡು ಕೋಡಿನ ಪಾಡಿಗೆ ಉಳಿಯಿತು. ಹೆಸರು ಬರುವಲ್ಲಿ ಖಾಲಿ ಜಾಗ. ಮೇಷ್ಟ್ರು ಕೇಳಿದ್ದೂ ಇದನ್ನೇ, ತಾನು ಆಗಲ್ಲ ಎಂದದ್ದೂ ಇದನ್ನೇ. ನಾಚಿಕೆಯಾಯಿತು. ಆರನೆಯ ದಿನ, ನಾಲ್ಕು ತುಂಡಾಗಿದ್ದ ಸಾಲೊಂದು ಒಟ್ಟಾಗಿ ಎದುರಿಗೆ ಬಂತು: ‘____ ಪುಸ್ತಕವನ್ನು ಸದ್ಯ ಯಾರೋ ಮನೆಯಲ್ಲಿ ಓದುತ್ತಿದ್ದಾರೆ. ಮುಗಿದ ಕೂಡಲೇ ಬರುತ್ತದೆ, ಸ್ವಲ್ಪ ತಾಳಿ.’ ಮೇಷ್ಟ್ರ ದನಿಯೇ ಕೇಳಿದಂತಾಗಿ ಅವಳ ಕಣ್ಣು ತುಂಬಿತು.

ಮುಖ್ಯಸ್ಥರು ಒಪ್ಪಿದರು. ಸೈಟ್ ಉಳಿಯಿತು. ಮರುದಿನ ಕೌಂಟರಿನಾಕೆ ಸಮಯವನ್ನು ತಾನೇ ತಿದ್ದಿ, ಖುಷಿಯಿಂದ ಕೋಣೆಗೆ ಬಂದಳು.

“ಅಕ್ಕಾ, ಈ ‘ಯಾರೋ ಓದುತ್ತಿದ್ದಾರೆ’ ಅನ್ನೋದು ಫೋನಲ್ಲಿ ತುಂಬಾ ಉದ್ದ ಆಗುತ್ತೆ. ‘ಪುಸ್ತಕ ಹೊರಗಿದೆ’ ಅಂತ ಹಾಕ್ಲಾ?”

ಬೇಡ ಎನ್ನಲು ಪುಟ್ಟಕ್ಕ ಬಾಯಿ ತೆರೆದಳು. ಇಷ್ಟು ವರ್ಷ ಆ ಸಾಲನ್ನು ಕಾಪಾಡಿದ್ದು ಬೇರೆ ಯಾರೂ ಮುಟ್ಟಲಾಗದ ತನ್ನ ಕೋಡಿನ ಗೋಜಲೇ ಎಂದು ಆಗ ಹೊಳೆಯಿತು.

“ನನ್ನ ಕೇಳೋದೇನಿದೆ? ಅದಕ್ಕೇ ತಾನೆ ಬೇರೆ ಮಾಡಿದ್ದು,” ಎಂದಳು.

ಆಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಮೇಷ್ಟ್ರು ತೀರಿದ ದಿನ ಬಾರದ ಅಳುವನ್ನೆಲ್ಲ ಅತ್ತಳು.