ಉಬ್ಬಸ ಎಂದು ಬರೆದಿದ್ದೆ

ಮೊದಲು ಅವರ ಕೈ ಎದೆಗೆ ಹೋಯಿತು. ಆಮೇಲೆ ದವಡೆ ಜೋತುಬಿತ್ತು. ಆಮೇಲೆ ಅವರು ಹರಿಗೋಲಿನ ಅಂಚಿನ ಮೇಲೆ ಮೂಟೆಯಂತೆ ಒರಗಿದರು. ಹರಿಗೋಲು ವಾಲಿದ್ದು ಅದಾದ ಮೇಲೆ. ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ ನನಗೇ ತಿಳಿಯದು. ಕ್ರಮ ತಪ್ಪಿದ್ದರೆ ಅಂಬಿಗನೊಬ್ಬ ಜೈಲಿಗೆ ಹೋಗುತ್ತಿದ್ದ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಮೈಸೂರಿನಲ್ಲಿ ಕಾಲೇಜು ಮುಗಿಸಿ ಮಳವಳ್ಳಿಯ ಆಸ್ಪತ್ರೆಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಆ ದಿನ ಮುತ್ತತ್ತಿಯ ಎದುರು ದಡದಲ್ಲಿ ನಂಟರ ಮನೆಯ ನಾಮಕರಣದ ಊಟ ಮುಗಿಸಿ ಹಿಂದಿರುಗುತ್ತಿದ್ದೆ. ಹರಿಗೋಲಿನಲ್ಲಿ ನಾವು ಮೂವರೇ: ಅಂಬಿಗ, ನಾನು, ಮಳವಳ್ಳಿ ಪೇಟೆಯ ಒಬ್ಬ ದರ್ಜಿ. ದರ್ಜಿ ನನಗೆ ಗುರುತಿನವರು. ಎರಡು ವಾರಕ್ಕೊಮ್ಮೆ ಔಷಧದ ಸೀಸೆ ಹಿಡಿದು ಆಸ್ಪತ್ರೆಗೆ ಬರುತ್ತಿದ್ದರು.

"ಮಿಸುಕಾಡಬ್ಯಾಡಿ ಬುದ್ಧಿ, ಸುಳಿ ಅದೆ," ಎಂದ ಅಂಬಿಗ.

"ನೀ ಹುಟ್ಟು ನೆಟ್ಟಗೆ ಆಕ್ಲಾ. ಬುಗುರಿ ತಿರುಗ್ದಂಗೆ ತಿರುಗ್ತಾ ಅದೆ ನಿನ್ನ ಹರಿಗೋಲು," ಎಂದು ದರ್ಜಿ ನಕ್ಕರು.

"ಬಟ್ಟೆ ಒಲ್ದಂಗಲ್ಲ, ಒಳೆ ದಾಟ್ಸೋದು!"

ದರ್ಜಿ ಇನ್ನೂ ನಗುತ್ತಿದ್ದರು. ಕೈ ಎದೆಗೆ ಹೋದದ್ದು ಆಗಲೇ.

ಮರುಕ್ಷಣ ನಾನು ನೀರೊಳಗಿದ್ದೆ. ನನಗೆ ಈಜು ಬಾರದು. ಮೂಗಿಗೆ, ಬಾಯಿಗೆ ಹೊಳೆ ನುಗ್ಗಿತು. ಕಾಲಿಗೆ ನೆಲ ಸಿಗಲಿಲ್ಲ. ಯಾರೋ ಕೋಟಿನ ಕಾಲರು ಹಿಡಿದು ಎಳೆದರು. ಅಂಬಿಗ ನನ್ನನ್ನು ಬಂಡೆಯ ಮೇಲೆ ಎಸೆದು ಮತ್ತೆ ನೀರಿಗೆ ಹಾರಿದ. ದರ್ಜಿಯನ್ನು ಹೊತ್ತು ತಂದಾಗ ಅವರಲ್ಲಿ ಉಸಿರಿರಲಿಲ್ಲ.

ಊರಿನ ಪಟೇಲರು ಅಲ್ಲೇ ಮಹಜರು ಬರೆಸಿದರು: ನೀರಿನಲ್ಲಿ ಮುಳುಗಿ ಸಾವು, ಅಂಬಿಗನ ಅಜಾಗರೂಕತೆ. ಡಾಕ್ಟರು ಹಳ್ಳಿಗಳಲ್ಲಿ ಕಾಲರಾ ಸೂಜಿ ಹಾಕಲು ಹೋಗಿದ್ದರು. ಶವಪರೀಕ್ಷೆಯಾಗದೆಯೇ ಸಂಸ್ಕಾರ ಮುಗಿಯಿತು. ಅಂಬಿಗನನ್ನು ಠಾಣೆಗೆ ಕರೆದೊಯ್ದರು.

ತಾಲ್ಲೂಕಿನ ಅಮಲ್ದಾರರು ವಿಚಾರಣೆಗೆ ಕರೆದಾಗ ನಾನು ಕಂಡದ್ದನ್ನು ಹೇಳಿದೆ. ಮದ್ದೂರಿನಿಂದ ಬಂದಿದ್ದ ದರ್ಜಿಯ ಅಣ್ಣ ಎದ್ದು ನಿಂತರು.

"ನೀರ್ ಕುಡ್ದು ಕಣ್ ಮುಚ್ಕಂಡಿದ್ದೋರು ಇವ್ರೇನ್ ಕಂಡಾರು ಸ್ವಾಮಿ? ನನ್ ತಮ್ಮಂಗೆ ಒಸಿ ಉಬ್ಬಸ ಇತ್ತು, ಅಷ್ಟೇಯ. ಅದ್ಕೆ ಯಾರಾದ್ರೂ ಕೂತಲ್ಲೇ ಸಾಯ್ತಾರಾ? ಇವ್ರ ಆಸ್ಪತ್ರೆ ಪುಸ್ತಕದಲ್ಲೂ ಅಂಗೇ ಬರ್ದಿರ್ತಾರೆ, ತರ್ಸಿ ನೋಡಿ."

ಪುಸ್ತಕ ತರುವಂತೆ ಅಮಲ್ದಾರರು ಅಪ್ಪಣೆ ಮಾಡಿ ಮುಂದಿನ ವಾರಕ್ಕೆ ವಿಚಾರಣೆ ಇಟ್ಟರು. ಆಸ್ಪತ್ರೆಗೆ ಹೋಗಿ ತೆರೆದೆ. ದರ್ಜಿಯ ಹೆಸರಿನ ಮುಂದೆ ಎಂಟು ಕಡೆ ಉಬ್ಬಸ, ಉಬ್ಬಸ. ಎಂಟೂ ನನ್ನ ಅಕ್ಷರ.

ತಿಂಗಳ ಕೊನೆಗೆ ಯಾವ ರೋಗಕ್ಕೆ ಎಷ್ಟು ಜನ ಎಂಬ ಲೆಕ್ಕದ ತಖ್ತೆಯೊಂದು ಮಂಡ್ಯದ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಅದರಲ್ಲಿ ಪ್ಲೇಗು, ಕಾಲರಾ, ಸಿಡುಬು, ಜ್ವರ, ಭೇದಿ, ಉಬ್ಬಸ ಎಂದು ಗೆರೆ ಎಳೆದ ಮನೆಗಳಿದ್ದವು. ಹೃದಯಕ್ಕೆ ಮನೆ ಇರಲಿಲ್ಲ. 'ಇತರೆ' ಎನ್ನುವ ಮನೆಗೆ ಹೆಚ್ಚು ಜನ ಸೇರಿದರೆ ವಿವರ ಕೇಳಿ ಕಾಗದ ಬರುತ್ತಿತ್ತು. ಆ ಕಿರಿಕಿರಿ ಬೇಡವೆಂದು, ಏದುಸಿರು ಬಿಡುತ್ತ ಬಂದವರನ್ನೆಲ್ಲ ನಾನು ಉಬ್ಬಸಕ್ಕೆ ಸೇರಿಸುತ್ತಿದ್ದೆ. ಡಾಕ್ಟರು ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಏನು ಬರೆದಿದ್ದಾರೆಂದು ನೋಡುವುದನ್ನೂ ಬಿಟ್ಟಿದ್ದೆ. ದರ್ಜಿಯ ಚೀಟಿ ಅವರ ಜೇಬಿನಲ್ಲಿತ್ತು. ಅದನ್ನು ಹೊಳೆ ತಿಂದಿತ್ತು.

ಡಾಕ್ಟರು ಹಿಂದಿರುಗಿದ ಕೂಡಲೇ ಎಲ್ಲವನ್ನೂ ಹೇಳಿದೆ. "ಹೃದಯ ನಿಂತು ಸತ್ತರು ಅಂತ ಬರೆದುಕೊಡಿ ಸಾರ್."

"ಎಲ್ಲರೂ ಹೃದಯ ನಿಂತೇ ಸಾಯೋದಯ್ಯಾ. ಮುಳುಗಿದವನದೂ ನಿಲ್ಲತ್ತೆ, ಹಾವು ಕಚ್ಚಿದವನದೂ ನಿಲ್ಲತ್ತೆ. ಯಾಕೆ ನಿಂತಿತು ಅನ್ನೋದು ಕಾರಣ. ದಿನಕ್ಕೆ ಎಷ್ಟು ಜನರನ್ನ ನೋಡ್ತೀನಿ, ಬರೀ ನೆನಪಿನ ಮೇಲೆ ಹೇಗೆ ಬರೆದುಕೊಡಲಿ? ಕಾಗದ ತೋರಿಸು."

ಎರಡು ದಿನ ಬೀರುಗಳನ್ನು ಜಾಲಾಡಿದೆ. ಕಡೆಗೆ ನೆನಪಾದದ್ದು ಕಾಂಪೌಂಡರು. ಯಾವ ರೋಗಿಯ ಸೀಸೆಗೆ ಏನು ಬೆರೆಸಿದೆನೆಂದು ಅವರೊಂದು ಪುಸ್ತಕ ಇಟ್ಟಿದ್ದರು. ಔಷಧದ ಕಲೆಗಳಿಂದ ಹಾಳೆಗಳು ಅಂಟಿಕೊಂಡಿದ್ದ ಪುಸ್ತಕ.

"ನೀವ್ ಬರೆಯೋದು ಮಂಡ್ಯದೋರಿಗೆ. ನಾನ್ ಬರೆಯೋದು ಸೀಸೆಗೆ," ಎಂದು ಅವರು ನಗುತ್ತಲೇ ಕೊಟ್ಟರು. "ತಪ್ಪಿದ್ರೆ ಕುಡ್ದೋನು ಓಯ್ತಾನೆ ಕಣ್ರೀ."

ಅದೇ ಹೆಸರು, ಅದೇ ಎಂಟು ದಿನ. ಎಂಟು ಸಲವೂ ಡಿಜಿಟಾಲಿಸ್.

ಡಾಕ್ಟರು ಆ ಸಾಲುಗಳ ಮೇಲೆ ಬೆರಳಾಡಿಸಿದರು. "ಇದನ್ನ ಉಬ್ಬಸಕ್ಕೆ ಕೊಡಲ್ಲ. ಹೃದಯದ ಕವಾಟ ಕೆಟ್ಟಿದ್ದವನಿಗೆ ಕೊಟ್ಟದ್ದು. ಈಗ ನೆನಪಾಯ್ತು, ಕಾಲು ಊದಿಕೊಂಡು ಬಂದಿದ್ದ." ಪುಸ್ತಕ ಮುಚ್ಚಿ ನನ್ನತ್ತ ನೋಡಿದರು. "ನಿನ್ನ ಪುಸ್ತಕ ಸುಳ್ಳು ಅಂತ ನೀನೇ ಹೇಳಬೇಕಾಗತ್ತೆ. ನಿನ್ನದು ಹಂಗಾಮಿ ಕೆಲಸ, ಗೊತ್ತಲ್ಲ?"

"ಗೊತ್ತು ಸಾರ್. ಹೇಳ್ತೀನಿ."

ವಿಚಾರಣೆಯ ದಿನ ಎರಡೂ ಪುಸ್ತಕಗಳನ್ನು ಅಮಲ್ದಾರರ ಮೇಜಿನ ಮೇಲೆ ತೆರೆದಿಟ್ಟೆ. ಮೇಜಿನ ಅಂಚು ಹಿಡಿದು ನಿಂತೆ.

"ಉಬ್ಬಸ ಅಂತ ಬರೆದದ್ದು ಯಾರು?"

"ನಾನು. ತಪ್ಪು ಬರೆದೆ."

"ಇನ್ನೂ ಎಷ್ಟು ಜನರದ್ದು ಹೀಗೆ ಬರೆದಿದ್ದೀರಿ?"

"ಗೊತ್ತಿಲ್ಲ, ಸ್ವಾಮಿ."

ಅದನ್ನು ಹೇಳಿದಾಗ ಆದಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ. ಆದರೂ ನಿಲ್ಲಿಸಲಿಲ್ಲ. ಕೈ, ದವಡೆ, ಒರಗಿದ್ದು, ಹರಿಗೋಲು ವಾಲಿದ್ದು, ಎಲ್ಲವನ್ನೂ ಮತ್ತೆ ಹೇಳಿದೆ. ಡಾಕ್ಟರು ತಮ್ಮ ಪತ್ರ ಓದಿದರು: ಬಹುದಿನದ ಹೃದಯ ಕವಾಟದ ರೋಗ, ಅದರಿಂದ ಹೃದಯ ಥಟ್ಟನೆ ನಿಂತದ್ದು, ನೀರಿಗೆ ಬಿದ್ದದ್ದು ಅದರ ನಂತರ.

ದರ್ಜಿಯ ಅಣ್ಣ ಎದ್ದು ಮೇಜಿನ ಬಳಿಗೆ ಬಂದರು. ಅಮಲ್ದಾರರನ್ನು ಬಿಟ್ಟು ನನ್ನನ್ನೇ ಕೇಳಿದರು: "ಅಂಗಾರೆ ನೀರಲ್ಲಿ ಉಸ್ರು ಕಟ್ಟಿ ಒದ್ದಾಡ್ನಿಲ್ವಾ ಅವ್ನು?"

"ಇಲ್ಲ. ನಗ್ತಾ ಇದ್ದರು."

ಅವರು ಹೆಗಲ ಮೇಲಿನ ವಸ್ತ್ರ ಮುಖಕ್ಕೆ ಒತ್ತಿಕೊಂಡು ಕುಳಿತರು.

ಅಂಬಿಗನನ್ನು ಆ ದಿನವೇ ಬಿಟ್ಟರು. ಕಚೇರಿಯ ಮೆಟ್ಟಿಲಲ್ಲಿ ನಾನು ಗೋಡೆ ಹಿಡಿದು ಇಳಿಯುವುದನ್ನು ನೋಡಿ, "ನೀರಿನ ಬಯ ಇನ್ನೂ ಓಗಿಲ್ವಾ ಬುದ್ಧಿ?" ಎಂದ.

"ಇಲ್ಲ ಕಣಪ್ಪ."

"ಓಗಾಕಿಲ್ಲ ಬುಡಿ," ಎಂದವನೇ ಊರಿನ ದಾರಿ ಹಿಡಿದ.

ನನ್ನ ಕೆಲಸ ಉಳಿಯಿತು, ಎಚ್ಚರಿಕೆಯ ಕಾಗದವೊಂದು ಬಂತು. ಅಂದಿನಿಂದ ದಿನವೂ ಬಾಗಿಲು ಹಾಕುವ ಮುಂಚೆ ಕಾಂಪೌಂಡರ ಪಕ್ಕ ಕುಳಿತು, ಅವರ ಪುಸ್ತಕಕ್ಕೂ ನನ್ನದಕ್ಕೂ ಹೆಸರು ಹೆಸರಾಗಿ ತಾಳೆ ನೋಡಿದೆ. ಉಬ್ಬಸದವರೆಂದು ನಾನು ಬರೆದಿದ್ದವರಲ್ಲಿ ಇನ್ನೂ ಐವರು ಡಿಜಿಟಾಲಿಸ್ ಕುಡಿಯುತ್ತಿದ್ದರು. ತಿಂಗಳ ತಖ್ತೆಯಲ್ಲಿ ಸ್ಕೇಲು ಹಿಡಿದು ಒಂದು ಗೆರೆ ಎಳೆದೆ. 'ಹೃದಯದ ರೋಗ' ಎಂದು ಬರೆದು ಐವರನ್ನೂ ಅಲ್ಲಿಗೆ ತಂದೆ.

ಮಂಡ್ಯದಿಂದ ತಖ್ತೆ ವಾಪಸು ಬಂತು. ನಮೂನೆಯಲ್ಲಿಲ್ಲದ ಮನೆ, ತಿದ್ದಿ ಕಳುಹಿಸಿ ಎಂಬ ಷರಾ ಇತ್ತು. ಐವರೂ ಔಷಧಕ್ಕೆ ಬಂದಾಗ ಅವರ ಚೀಟಿಗಳನ್ನು ನಕಲು ಮಾಡಿ ಲಗತ್ತಿಸಿ, ಅದೇ ಹಾಳೆಯನ್ನು ಹಾಗೆಯೇ ಮತ್ತೆ ಕಳುಹಿಸಿದೆ.