ಮೂವತ್ತು ದಿನದ ತಿಳಿನೀರಿಗಾಗಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೆರೆಯ ನಡುವೆ ತೇಲುವ ಹಳದಿ ಬುಡ್ಡೆಯೊಂದನ್ನು ದೋಣಿಯ ಪಕ್ಕಕ್ಕೆ ಎಳೆದುಕೊಂಡು, ಬಾಟಲಿಯಮ್ಮ ಅದರ ಅಡಿಯಲ್ಲಿರುವ, ನೀರಿನ ಪಾಚಿ ಅಳೆಯುವ ಸೆನ್ಸರನ್ನು ಬಗ್ಗಿ ನೋಡುತ್ತಾರೆ. ಗಾಜಿನ ಮೇಲೆ ಲೋಳೆ ಕಟ್ಟಿದೆ. ಹಾಗಂತ ತಕ್ಷಣ ಒರೆಸುವಂತಿಲ್ಲ. ಮೊದಲು ಅದು ತೋರಿಸುವ ಅಂಕಿ ಬರೆದುಕೊಳ್ಳಬೇಕು, ಆಮೇಲೆ ಒರೆಸಿ ಮತ್ತೆ ಬರೆದುಕೊಳ್ಳಬೇಕು. "ಪಾಚಿ ಗಾಜಿನ ಮೇಲಿರೋದಾ, ನೀರಲ್ಲೇ ಇರೋದಾ ಅಂತ ಗೊತ್ತಾಗೋದೇ ಹಾಗೆ," ಎನ್ನುತ್ತಾರೆ.

ಹೆಗಲಿನ ಚೀಲದಲ್ಲಿ ಸದಾ ನೀರಿನ ಬಾಟಲಿಗಳು ಗಲಗಲ ಎನ್ನುವುದರಿಂದ ಐವತ್ತೆರಡರ ಈಕೆಗೆ ಈ ಹೆಸರು. ದಿನಕ್ಕೆ ಐದು ಬುಡ್ಡೆ, ಹತ್ತು ಬಾಟಲಿ. ಒಂಬತ್ತು ವರ್ಷದಿಂದ ಇದೇ ಕೆಲಸ. ಬೆಳಗ್ಗೆ ಹತ್ತೂವರೆಗೆ ಉಪಗ್ರಹ ಮೇಲಿಂದ ಹಾದುಹೋಗುತ್ತಾ ಕೆರೆಯ ಬಣ್ಣ ನೋಡುತ್ತದೆ. ಅದು ಕಂಡದ್ದು ನಿಜವೇ ಎಂದು ಹೇಳಬೇಕಾದದ್ದು ಈಕೆಯ ಬಾಟಲಿ. ಪತ್ರಿಕೆಯಲ್ಲಿ ಚಿತ್ರ ಬರುವುದು ಮಾತ್ರ ಉಪಗ್ರಹದ್ದು. "ನನ್ನ ಫೋಟೋ ಯಾಕೆ ಹಾಕ್ತಾರೆ ಬಿಡಿ, ನಾನೇನು ಅಷ್ಟು ಎತ್ತರದಲ್ಲಿದೀನಾ?"

ಮನೆಯಲ್ಲಿ ಈಕೆ ಮತ್ತು ಅಕ್ಕ, ಇಬ್ಬರೇ. ಊರಿನ ಅರ್ಧ ಜನಕ್ಕೆ ಇದೇ ಕೆರೆಯಲ್ಲಿ ಈಜು ಕಲಿಸಿದವರು ಅಕ್ಕ. ಆರು ವರ್ಷದ ಹಿಂದೆ ವಿಷದ ಪಾಚಿ ಹಬ್ಬಿ ಗೇಟಿಗೆ ಬೀಗ ಬಿತ್ತು. ಈಗ ಅಕ್ಕನ ಕೈಯಲ್ಲಿ ಊರುಗೋಲು. ಕಿಟಕಿಯಿಂದ ಕೆರೆಯನ್ನೇ ನೋಡುತ್ತಾ, "ನೆಲದ ಮೇಲೆ ಕುಂಟ್ತೀನಿ ಕಣೇ, ನೀರಲ್ಲಿ ಕುಂಟಲ್ಲ," ಎನ್ನುತ್ತಾರೆ. ನೀರು ಸತತ ಮೂವತ್ತು ದಿನ ತಿಳಿಯಾಗಿದ್ದರೆ ಮಾತ್ರ ಬೀಗ ತೆಗೆಯುತ್ತಾರೆ. ತಂಗಿ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅಕ್ಕನ ಪ್ರಶ್ನೆ: "ಇವತ್ತಿಗೆ ಎಷ್ಟನೇ ದಿನ?"

ಕಳೆದ ತಿಂಗಳು ಎಣಿಕೆ ಇಪ್ಪತ್ತೆಂಟಕ್ಕೆ ಬಂದಿತ್ತು. ಅಕ್ಕ ಈಜುಡುಗೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದರು. ಮರುದಿನ ಮೂರನೇ ಬುಡ್ಡೆಯಲ್ಲಿ ಅಂಕಿ ಏರಿತು. ಬರೀ ಗಾಜಿನ ಲೋಳೆಯಾಗಿರಲಿ ದೇವರೇ ಎಂದುಕೊಂಡು ತಂಗಿ ಒರೆಸಿದರು. ಅಂಕಿ ಇಳಿಯಲಿಲ್ಲ. ಮೋಡ ಮುಸುಕಿದ್ದರಿಂದ ಅಂದು ಉಪಗ್ರಹಕ್ಕೆ ಏನೂ ಕಾಣುವಂತಿರಲಿಲ್ಲ. ನೀರಿನ ವಿಷಯ ಗೊತ್ತಿದ್ದದ್ದು ಈಕೆ ಒಬ್ಬರಿಗೇ. ಇದ್ದದ್ದನ್ನು ಇದ್ದ ಹಾಗೇ ಬರೆದರು. ಎಣಿಕೆ ಮತ್ತೆ ಸೊನ್ನೆಗೆ ಬಂತು. ಅಕ್ಕ ಈಜುಡುಗೆಯನ್ನು ಮಡಚಿ ಪೆಟ್ಟಿಗೆಗೆ ಸೇರಿಸಿ, ಉಣ್ಣದೆ ಮಲಗಿದರು. "ನಂಗೂ ಊಟ ಸೇರಲಿಲ್ಲ," ಎನ್ನುತ್ತಾರೆ.

ಇಂದು ಹನ್ನೊಂದನೆಯ ದಿನ. ಅವತ್ತು ಅಂಕಿಯನ್ನು ಚೂರು ಇಳಿಸಿ ಬರೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು, ಇವರ ಬಗ್ಗೆ ಬರೆಯಲು ದೋಣಿಯಲ್ಲಿ ಜೊತೆ ಬಂದಿರುವ ನಾನು ಕೇಳುತ್ತೇನೆ. ಬಾಟಲಿಯ ಮುಚ್ಚಳ ಬಿಗಿಯುತ್ತಲೇ ಅವರು ನಗುತ್ತಾರೆ.

"ಗೇಟು ತೆಗೆದ ದಿನ ಎಲ್ಲರಿಗಿಂತ ಮೊದಲು ಧುಮುಕೋಳು ನಮ್ಮಕ್ಕನೇ ಸಾರ್. ಅವಳು ಬಾಯಿ ಮುಚ್ಕೊಂಡು ಈಜೋಳಲ್ಲ, ಒಂದೆರಡು ಗುಟುಕು ನೀರು ಕುಡಿಯೋಳೇ."